ಕೈ ಕಟ್ಟಿ ಹೊರಟ ರಿಪೇರಿ ಭಾವ

"ಈ ಸಲ ಇವರ ಕೈಗೆ ಒಂದು ಮೊಳೆ ಕೂಡ ಸಿಗಲ್ಲ. ನಲವತ್ತು ದಿನವೂ ಕೈ ಕಟ್ಟಿಸಿ ಕರ್ಕೊಂಡು ಬರ್ತೀನಿ. ಬೇಕಾದ್ರೆ ಬರೆದಿಟ್ಕೋ."

ಹೊಲಿಗೆಯವಳು ಫೋನಿನಲ್ಲಿ ತನ್ನ ಅಕ್ಕನಿಗೆ ಹೀಗೆ ಮಾತು ಕೊಡುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಗಂಡ ಅದೇ ಫೋನಿನ ಚಾರ್ಜರನ್ನು ಬಿಚ್ಚಿ ನೋಡುತ್ತಿದ್ದರು.

ಆ ಮನುಷ್ಯ ಹಾಗೇ. ರಸ್ತೆ ತಿರುವಿನಲ್ಲಿ ಹತ್ತಡಿ ಅಂಗಡಿ. ಫ್ಯಾನು, ಮಿಕ್ಸಿ, ಪಂಪು, ಇಸ್ತ್ರಿಪೆಟ್ಟಿಗೆ, ಬೀಗ, ಏನು ಕೆಟ್ಟರೂ ಅವರಿಗೆ ಸಂತೋಷ. ಕೆಡದೇ ಇದ್ದರೆ ಕೊಂಚ ಬೇಜಾರು. ನೆಂಟರಿಗೆಲ್ಲ ಅವರು ರಿಪೇರಿ ಭಾವ. ಭಾವ ಎನ್ನಬೇಕಾದವರೂ ಹಾಗೇ ಕರೆದರು, ಮಾವ ಎನ್ನಬೇಕಾದವರೂ ಹಾಗೇ ಕರೆದರು, ಯಾವ ವರಸೆಯೂ ಇಲ್ಲದ ಎದುರುಮನೆಯವರೂ ಹಾಗೇ ಕರೆದರು.

ಹೊಲಿಗೆಯವಳು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಉಳಿದ ಬಟ್ಟೆಯ ತುಂಡುಗಳಲ್ಲಿ ಕಂಡದ್ದಕ್ಕೆಲ್ಲ ಕವರು ಹೊಲಿಯುವುದು ಅವಳ ಅಭ್ಯಾಸ. ರಿಮೋಟಿಗೆ ಕವರು, ನೀರಿನ ಬಾಟಲಿಗೆ ಕವರು, ಕುರ್ಚಿಯ ನಾಲ್ಕು ಕಾಲಿಗೂ ಕಾಲುಚೀಲ. ಆ ಮನೆಯಲ್ಲಿ ಬರಿಮೈಯಲ್ಲಿ ನಿಂತ ವಸ್ತು ಒಂದೂ ಇರಲಿಲ್ಲ. ಗಂಡ ಬಿಚ್ಚುವವರು, ಹೆಂಡತಿ ಮುಚ್ಚುವವಳು. ಸಂಸಾರ ಮೂವತ್ತು ವರ್ಷ ಹೀಗೇ ನಡೆಯಿತು.

ಆ ಮೂವತ್ತು ವರ್ಷವೂ ಮುಂದಿನ ವರ್ಷ ಊರು ಸುತ್ತಿಸುತ್ತೇನೆ ಎಂದು ರಿಪೇರಿ ಭಾವ ಹೇಳುತ್ತಿದ್ದರು. ಕೊನೆಗೆ ಆ ವರ್ಷ ಬಂತು. ಅಂಗಡಿಗೆ ಬೀಗ ಹಾಕಿ ನಲವತ್ತು ದಿನದ ಪ್ರಯಾಣ. ಮೊದಲು ಹೊಲಿಗೆಯವಳ ತಮ್ಮನ ಮನೆ, ಆಮೇಲೆ ಭಾವನ ಹಳೆಯ ಗೆಳೆಯನ ಮನೆ, ಕೊನೆಗೆ ಅಕ್ಕನ ಮನೆ.

ಈ ಕೊನೆಯದಕ್ಕೆ ಒಂದು ಕಥೆ ಇದೆ. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅಕ್ಕನ ಮನೆಯಲ್ಲಿ ಒಂದು ಗೋಡೆ ಗಡಿಯಾರ. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ತೂಗುವ ಲೋಲಕ, ಗಂಟೆಗೊಮ್ಮೆ ಟಣ್ ಎನ್ನುವ ಸದ್ದು. ಅಕ್ಕ ಮದುವೆಯಾಗಿ ಹೋದ ಹೊಸದರಲ್ಲಿ ಆ ಮನೆಯಲ್ಲಿ ಅವಳ ಜೊತೆ ಸರಿಯಾಗಿ ಮಾತಾಡಿದ್ದು ಅದೊಂದೇ ಅಂತೆ. ಹತ್ತೊಂಬತ್ತು ವರ್ಷದ ಹಿಂದೆ ಅದು ನಿಧಾನ ಓಡತೊಡಗಿತು. ರಿಪೇರಿ ಭಾವ ತಮ್ಮ ಮನೆಗೆ ತಂದರು, ಬಿಚ್ಚಿದರು, ಒರೆಸಿದರು, ಎಣ್ಣೆ ಬಿಟ್ಟರು, ಎಂಟು ದಿನ ಓಡಿಸಿ ನೋಡಿದರು. ಹೊಲಿಗೆಯವಳೂ ಸುಮ್ಮನೆ ಕೂರಲಿಲ್ಲ. ಅಕ್ಕನ ಗೋಡೆಗೆ ಗೀರು ಬೀಳಬಾರದು ಎಂದು ಹಸಿರು ಬಟ್ಟೆಯಲ್ಲಿ ಅಂಗೈ ಅಗಲದ ದಿಂಬು ಹೊಲಿದಳು. ಹತ್ತಿ ತುಂಬಿದಳು. ಗಡಿಯಾರದ ಬೆನ್ನಿಗೆ ಕೆಳಗಡೆ ಅಂಟಿಸಿದಳು. ತಾನೇ ಒಯ್ದು ಗೋಡೆಗೆ ಹಾಕಿ ಬಂದಳು. ತನ್ನ ಪಾಲಿನ ಕೆಲಸದಲ್ಲಿ ಕುಂದಿಲ್ಲದ ಹಾಗೆ ನೋಡಿಕೊಂಡಳು.

ಅವಳು ಬಸ್ಸು ಹತ್ತುವುದರೊಳಗೆ ಗಡಿಯಾರ ನಿಂತಿತು. ಲೋಲಕವನ್ನು ತಳ್ಳಿದರೆ ನಾಲ್ಕು ಸಲ ಆಡುವುದು, ಮತ್ತೆ ನಿಲ್ಲುವುದು. ಅಕ್ಕ ಗಡಿಯಾರದ ಅಂಗಡಿಗೆ ಒಯ್ದಳು. ಅಲ್ಲಿ ಮೇಜಿನ ಮೇಲೆ ಜಾಣ ಮಗುವಿನ ಹಾಗೆ ಓಡಿತು. ಏನೂ ಕೆಟ್ಟಿಲ್ಲ ಎಂದ ಅಂಗಡಿಯವನು. ಮನೆಗೆ ತಂದು ಗೋಡೆಗೆ ಹಾಕಿದಳು. ನಿಂತಿತು.

"ನಿನ್ನ ಗಂಡ ಅದಕ್ಕೆ ಏನೋ ಮಾಡಿಟ್ಟಿದ್ದಾನೆ. ಊರಲ್ಲೆಲ್ಲ ಓಡುತ್ತೆ, ನನ್ನ ಮನೇಲಿ ಮಾತ್ರ ಓಡಲ್ಲ" ಎಂದು ಅಕ್ಕ ತೀರ್ಪು ಕೊಟ್ಟಳು. ಅವತ್ತಿನಿಂದ ಆ ಮನೆಯ ಬಾಗಿಲು ರಿಪೇರಿ ಭಾವನಿಗೆ ಮುಚ್ಚಿತು. ಹೊಲಿಗೆಯವಳು ಒಬ್ಬಳೇ ಹೋಗಿ ಬರುತ್ತಿದ್ದಳು. ಐದು ವರ್ಷದ ಕೆಳಗೆ ಅಕ್ಕನ ಗಂಡ ತೀರಿಕೊಂಡಾಗಲೂ ರಿಪೇರಿ ಭಾವ ಗೇಟಿನ ಹೊರಗೆ ನಿಂತು, ಅಲ್ಲಿಂದಲೇ ತಿರುಗಿ ಬಂದಿದ್ದರು. ತಪ್ಪು ಮಾಡಿಲ್ಲ ಎಂದು ಒಂದು ದಿನವೂ ವಾದಿಸಲಿಲ್ಲ. ಹೊಲಿಗೆಯವಳೂ ಒಳಗೊಳಗೆ ಇವರೇ ಏನೋ ಎಡವಟ್ಟು ಮಾಡಿರಬೇಕು ಎಂದುಕೊಂಡಳು.

ಈಗ ವಯಸ್ಸಾದ ಅಕ್ಕ ಕೊಂಚ ಮೆತ್ತಗಾಗಿದ್ದಳು. ಇಬ್ಬರೂ ಬನ್ನಿ ಎಂದಿದ್ದಳು. ಆದರೆ ಷರತ್ತು ಹಾಕಿದ್ದಳು. ಅವನು ನನ್ನ ಮನೆಯ ಒಂದು ವಸ್ತು ಮುಟ್ಟಿದರೂ ಅವತ್ತಿಗೆ ನಿನಗೂ ಈ ಹೊಸಲು ಕೊನೆ ಎಂದಿದ್ದಳು. ಅಕ್ಕ ಆಡಿದ ಹಾಗೆ ಮಾಡುವವಳು. ತಮ್ಮನ ಮನೆ ಇದ್ದರೂ ಹೊಲಿಗೆಯವಳಿಗೆ ತವರು ಎನಿಸುತ್ತಿದ್ದದ್ದು ಆ ಹೊಸಲೇ. ಗಂಡನ ಜೊತೆ ಒಂದು ಸಲ ಅದನ್ನು ದಾಟಬೇಕು ಎಂಬುದು ಅವಳ ಹತ್ತೊಂಬತ್ತು ವರ್ಷದ ಆಸೆ. ಅದಕ್ಕೇ ಆ ಪ್ರತಿಜ್ಞೆ. ಅಕ್ಕನ ಮನೆ ತಲುಪುವುದರೊಳಗೆ ಅಭ್ಯಾಸವಾಗಲಿ ಎಂದು ಮೊದಲ ದಿನದಿಂದಲೇ ಕೈಕಟ್ಟು ಜಾರಿಗೆ ತಂದಳು.

ಹೊರಡುವ ಬೆಳಿಗ್ಗೆ ಚೀಲದ ತಪಾಸಣೆ ನಡೆಯಿತು. ಟವೆಲಿನ ಮಡಿಕೆಯಿಂದ ಎರಡು ಸ್ಕ್ರೂಡ್ರೈವರು ಹೊರಟವು. ಕಾಲುಚೀಲದಿಂದ ಇಕ್ಕಳ. ಗಡ್ಡ ಹೆರೆಯುವ ಡಬ್ಬಿಯಿಂದ ಟೆಸ್ಟರು. ರಿಪೇರಿ ಭಾವ ಒಂದೊಂದನ್ನೂ ಯಾರದೋ ವಸ್ತು ಎಂಬಂತೆ ಆಶ್ಚರ್ಯದಿಂದ ನೋಡಿದರು. ಬಸ್ಸು ಹೊರಟ ಮೇಲೆ ಕೊಡೆಯ ಮಡಿಕೆಯಿಂದ ಮತ್ತೊಂದು ಪುಟ್ಟ ಸ್ಕ್ರೂಡ್ರೈವರು ಜಾರಿ ಬಿತ್ತು. ಅದನ್ನು ಕಿಟಕಿಯಿಂದ ಎಸೆಯಲು ಹೊಲಿಗೆಯವಳಿಗೆ ಕೈ ಬರಲಿಲ್ಲ. ಸೂಜಿ, ದಾರ, ಕತ್ತರಿ ಇಟ್ಟುಕೊಂಡಿದ್ದ ತನ್ನ ಬಟ್ಟೆಯ ಸುರುಳಿಯೊಳಗೆ ಸುತ್ತಿ ಚೀಲದ ತಳಕ್ಕೆ ತುರುಕಿದಳು. ಗಂಡ ಆಗ ನಿದ್ದೆ ಮಾಡುತ್ತಿದ್ದರು. ಪಾಪ, ಗೊತ್ತಾಗಲಿಲ್ಲ ಎಂದುಕೊಂಡಳು.

ತಮ್ಮನ ಮನೆಯಲ್ಲಿ ಎರಡು ದಿನ ಎಲ್ಲವೂ ಸುಸೂತ್ರ. ರಿಪೇರಿ ಭಾವ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತರು. ತಲೆಯ ಮೇಲೆ ಫ್ಯಾನು ಕಿರ್‌ಕಟಕ್, ಕಿರ್‌ಕಟಕ್ ಎನ್ನುತ್ತಿತ್ತು. ಅವರು ಮೇಲೆ ನೋಡಲಿಲ್ಲ. ಆದರೆ ಒಂದೊಂದು ಕಟಕ್ಕಿಗೂ ಅವರ ಬಲಗಣ್ಣಿನ ರೆಪ್ಪೆ ಹಾರುತ್ತಿತ್ತು.

ಮೂರನೆಯ ದಿನ ಹೊಲಿಗೆಯವಳು ಮಾರ್ಕೆಟ್ಟಿನಿಂದ ಬಂದಾಗ ಫ್ಯಾನು ನೆಲದ ಮೇಲಿತ್ತು. ಹಾಸಿದ ಬೆಡ್‌ಶೀಟಿನ ಮೇಲೆ ಅದರ ಕರುಳು, ಎಲುಬು ಎಲ್ಲ ಸಾಲಾಗಿ ಜೋಡಿಸಿತ್ತು. ರಿಪೇರಿ ಭಾವ ಚಮಚದ ಹಿಡಿಯಿಂದ ಸ್ಕ್ರೂ ತಿರುಗಿಸುತ್ತಿದ್ದರು. ತಮ್ಮನ ಹೆಂಡತಿ ಭಕ್ತಿಯಿಂದ ಟಾರ್ಚ್ ಹಿಡಿದಿದ್ದಳು.

ಟಾರ್ಚು ಕಂಡದ್ದೇ ಹೊಲಿಗೆಯವಳಿಗೆ ಉರಿ ಹತ್ತಿತು. ಅದು ಅವಳ ಕೆಲಸ. ಮೂವತ್ತು ವರ್ಷ ಆ ಮನುಷ್ಯನ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದು ಬೈಸಿಕೊಂಡವಳು ಅವಳು. "ಬೆಳಕು ಕೈಗೆ ಹಿಡಿ, ಕಣ್ಣಿಗಲ್ಲ. ಎಷ್ಟು ಸಲ ಹೇಳೋದು?" ಎಂದು ಅವರು ಗದರದ ದಿನವೇ ಇಲ್ಲ. ಈ ಹುಡುಗಿಗೆ ನೋಡಿದರೆ, ತುಂಬಾ ಚೆನ್ನಾಗಿ ಹಿಡಿದಿದ್ದೀಯಮ್ಮ ಎನ್ನುತ್ತಿದ್ದಾರೆ.

ಚಮಚ ಕಸಿದುಕೊಂಡಳು. ಅವರು ಜೇಬಿನಿಂದ ನಾಣ್ಯ ತೆಗೆದರು. ನಾಣ್ಯ ಕಸಿದುಕೊಂಡಳು. ಉಗುರಿನಲ್ಲಿ ಶುರುಮಾಡಿದರು. ಉಗುರು ಕಸಿಯುವ ಹಾಗಿಲ್ಲವಲ್ಲ, ಬಿಟ್ಟಳು.

ಸಂಜೆಯೊಳಗೆ ಫ್ಯಾನು ಮೇಲೆ ಹೋಯಿತು. ಹೂವು ಬಿದ್ದಷ್ಟೂ ಸದ್ದಿಲ್ಲ. ಮನೆಯವರೆಲ್ಲ ಕತ್ತೆತ್ತಿ ನೋಡಿಯೇ ನೋಡಿದರು. ಮಾರನೆಯ ಬೆಳಿಗ್ಗೆ ತಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಭಾವ, ಹನ್ನೆರಡು ವರ್ಷ ಆ ಸದ್ದಿನಲ್ಲೇ ಮಲಗಿದ್ದೆ, ಈಗ ನಿದ್ದೆ ಹತ್ತುತ್ತಿಲ್ಲ ಎಂದು ಗೋಗರೆದ. ರಿಪೇರಿ ಭಾವ ಸಿಟ್ಟಾಗಲಿಲ್ಲ, ನಗಲಿಲ್ಲ. ಕುರ್ಚಿ ಹತ್ತಿ ಒಂದು ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದರು. ಕಿರ್ ಹೋಗಿ ಕಟಕ್ ಮಾತ್ರ ಬಂತು. ಇಷ್ಟು ಸಾಕಾ ಎಂದು ಕೇಳಿದರು. ತಮ್ಮ ಸ್ವಲ್ಪ ಜಾಸ್ತಿ ಇರಲಿ ಎಂದ. ಇನ್ನೊಂದು ಕಾಲು ಸುತ್ತು.

ಕೆಟ್ಟದ್ದನ್ನು ಸರಿಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸರಿಯಾದದ್ದನ್ನು ಬೇಕಾದಷ್ಟೇ ಕೆಡಿಸುವವರು ಬೇರೆ ಯಾರಾದರೂ ಇದ್ದರೆ ಹೊಲಿಗೆಯವಳು ನೋಡಿಲ್ಲ. ಹೊಟ್ಟೆಯೊಳಗೆ ಹೆಮ್ಮೆ ಎದ್ದಿತು. ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದಳು. ತಾನೂ ಅಲ್ಲಿದ್ದ ಎಂಟು ದಿನದಲ್ಲಿ ತಮ್ಮನ ಮನೆಯ ಎರಡು ಪರದೆ, ಆರು ದಿಂಬಿನ ಕವರು, ಫ್ರಿಜ್ಜಿನ ಹಿಡಿಕೆಗೊಂದು ಅಂಗಿ ಹೊಲಿದಿದ್ದಳು. ನಿನ್ನ ಕತ್ತರಿಗೆ ರಜೆ ಇಲ್ಲವಾ ಎಂದು ಗಂಡ ಕೇಳಿದಾಗ ಅದು ಬೇರೆ ಎಂದಳು. ಹೇಗೆ ಬೇರೆ ಎಂದು ಅವರು ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಎರಡನೆಯ ನಿಲ್ದಾಣ ಗೆಳೆಯನ ಮನೆ. ಲಾರಿ ಓಡಿಸಿ ಮಂಡಿ ಕಳೆದುಕೊಂಡವನು, ಒಬ್ಬನೇ ಇದ್ದ. ಅವನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೊಲಿಗೆಯವಳು ಬಾಗಿಲಲ್ಲೇ ಕಾನೂನು ಓದಿದಳು. ಮುಟ್ಟುವ ಹಾಗಿಲ್ಲ. ರಿಪೇರಿ ಭಾವ ತಲೆ ಅಲ್ಲಾಡಿಸಿದರು. ಮುಟ್ಟಲಿಲ್ಲ. ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಂತು, ಬಾಯಲ್ಲಿ ಹೇಳಿದರು. ಗೆಳೆಯ ನಟ್ಟು ತಿರುಗಿಸುವ ಪಾನಾ ಹಿಡಿದ.

"ಎಡಕ್ಕೆ ತಿರುಗಿಸು."

"ನನ್ನ ಎಡಕ್ಕಾ, ನಿನ್ನ ಎಡಕ್ಕಾ?"

ಅದಕ್ಕೆ ಉತ್ತರ ಬರುವುದರೊಳಗೆ ಲಾರಿ ಓಡಿಸಿದ ತೋಳು ತನ್ನ ಕೆಲಸ ಮಾಡಿ ಮುಗಿಸಿತ್ತು. ನಲ್ಲಿ ಬುಡಸಮೇತ ಕೈಗೆ ಬಂತು. ನೀರು ಸೂರಿಗೆ ಹೊಡೆಯಿತು. ಡಬ್ಬಿಗಳು ತೇಲಿದವು. ಹೊಲಿಯುತ್ತ ಕೂತಿದ್ದ ಹೊಲಿಗೆಯವಳು ಹಾಗೇ ಓಡಿಬಂದು ಎರಡೂ ಅಂಗೈಯಲ್ಲಿ ಪೈಪಿನ ಬಾಯಿ ಒತ್ತಿ ಹಿಡಿದಳು. ನೀರು ಅವಳ ಎರಡು ಕಿವಿಯ ಪಕ್ಕದಿಂದ ಕಾರಂಜಿಯಾಗಿ ಹಾರಿತು. ಹಿಂದೆ ನಿಂತ ಗಂಡ, ಮಂಡಿಯವರೆಗೆ ತೊಯ್ದು, ಕೈ ಕಂಕುಳಲ್ಲೇ ಇಟ್ಟುಕೊಂಡು ಕೇಳಿದರು.

"ಮುಟ್ಟಲಾ?"

"ಇನ್ನೂ ಕೇಳ್ತಾ ನಿಂತಿದ್ದೀರಲ್ರೀ! ಮುಟ್ಟಿ!"

ರಿಪೇರಿ ಭಾವ ಸುತ್ತ ನೋಡಿದರು. ಹೆಂಡತಿಯ ನಡುಬೆರಳಿನಲ್ಲಿ ಸೂಜಿ ಚುಚ್ಚದಿರಲಿ ಎಂದು ಹಾಕಿಕೊಳ್ಳುವ ಲೋಹದ ಟೋಪಿ ಇತ್ತು. ಅದನ್ನು ಕಳಚಿದರು. ಅವಳದೇ ಬಟ್ಟೆಯ ತುಂಡೊಂದನ್ನು ಅದಕ್ಕೆ ಸುತ್ತಿದರು. ಪೈಪಿನ ಬಾಯಿಗೆ ಒತ್ತಿ ತಿರುಚಿದರು. ನೀರು ನಿಂತಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮಹಡಿಗೆ ಹೋಗಿ ತೊಟ್ಟಿಯ ವಾಲ್ವ್ ಮುಚ್ಚಿ ಬಂದು, ನೆಲ ಒರೆಸಲು ತಾವೇ ಕೂತರು.

ಅವತ್ತು ಹೊಲಿಗೆಯವಳು ಒದ್ದೆ ತಲೆಯಲ್ಲೇ ಮಾತು ತೆಗೆದುಕೊಂಡಳು. ಅಕ್ಕನ ಮನೆಯಲ್ಲಿ ಸೂರು ಕಳಚಿ ಬಿದ್ದರೂ ಕೈ ಹೊರಗೆ ಬರಬಾರದು. ಬಾಯೂ ಬೇಡ. ಅವರು ಕೊಂಚ ಯೋಚಿಸಿದರು. "ಆಯ್ತು. ನಿಮ್ಮಕ್ಕನೇ ಮುಟ್ಟು ಅನ್ನೋವರೆಗೂ ಮುಟ್ಟಲ್ಲ" ಎಂದರು. ಅಕ್ಕ ಹಾಗೆ ಅನ್ನುವ ದಿನ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ ಎಂದು ಹೊಲಿಗೆಯವಳು ನೆಮ್ಮದಿಯಾಗಿ ತಲೆ ಒರೆಸಿಕೊಂಡಳು.

ಅಕ್ಕ ಬಾಗಿಲು ತೆಗೆದಾಗ ಮೈದುನನ ಮುಖ ನೋಡಲಿಲ್ಲ, ಕೈ ನೋಡಿದಳು. ಕೈ ಕಾಣಲಿಲ್ಲ. ಬೆನ್ನ ಹಿಂದೆ ಇತ್ತು. ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ ರಿಪೇರಿ ಭಾವ ಹೊಸಲು ದಾಟಿದರು. ಜೊತೆಗೆ ಹೊಲಿಗೆಯವಳೂ ದಾಟಿದಳು. ಹತ್ತೊಂಬತ್ತು ವರ್ಷಕ್ಕೆ ಒಂದು ಹೆಜ್ಜೆ. ಕಣ್ಣಲ್ಲಿ ನೀರು ಬಂತು. ಅಕ್ಕ ನೋಡುವುದರೊಳಗೆ ಚೀಲ ಇಡುವ ನೆಪದಲ್ಲಿ ಬಗ್ಗಿದಳು.

ಅಕ್ಕ ಸುಮ್ಮನೆ ಬಿಡುವವಳಲ್ಲ. ಬೇಕೆಂದೇ ಅವರಿಗೆ ಕುಂಟುವ ಕುರ್ಚಿ ಕೊಟ್ಟಳು. ಅವರು ಅದರ ಜೊತೆ ಕುಂಟುತ್ತ ಕೂತರು. ಮಿಣುಕುವ ಬಲ್ಬಿನ ಕೆಳಗೆ ಊಟಕ್ಕೆ ಕೂರಿಸಿದಳು. ಅವರು ಬೆಳಕು ಬಂದಾಗ ತುತ್ತು ಕಲಸಿ, ಹೋದಾಗ ನುಂಗಿದರು. ಚಿಲಕ ಬೀಳದ ಬಚ್ಚಲಿಗೆ ಕಳಿಸಿದಳು. ಒಳಗಿಂದ ಕೆಮ್ಮುತ್ತ ಸ್ನಾನ ಮಾಡಿ ಬಂದರು. ಅವರಿಗೆ ಕೊಟ್ಟ ಮುಂದಿನ ಕೋಣೆಯಲ್ಲೇ ಆ ಗಡಿಯಾರ ತೂಗುತ್ತಿತ್ತು. ಹನ್ನೆರಡು ಇಪ್ಪತ್ತಕ್ಕೆ ನಿಂತು ಹತ್ತೊಂಬತ್ತು ವರ್ಷ. ಅದರ ಕಡೆ ಅವರು ಒಂದೇ ಸಲ ನೋಡಿದರು. ಹಳೇ ಗೆಳೆಯನಿಗೆ ತಲೆ ಆಡಿಸಿದ ಹಾಗೆ ಆಡಿಸಿ ಸುಮ್ಮನಾದರು.

ಮೂರು ದಿನಕ್ಕೆ ಅಕ್ಕನೇ ಸುಸ್ತಾದಳು. ನಿನ್ನ ಗಂಡನಿಗೆ ಮೈ ಸರಿಯಿಲ್ಲವಾ ಎಂದು ಗುಟ್ಟಾಗಿ ಕೇಳಿದಳು. ಹೊಲಿಗೆಯವಳು ಬೀಗಿದಳು.

ಬೀಗಿದವಳು ಬೀಗಿದಷ್ಟಕ್ಕೆ ಇರಬೇಕಿತ್ತು.

ನಾಲ್ಕನೆಯ ದಿನ ಅಕ್ಕ ತಂಗಿ ಪರದೆ ಬಟ್ಟೆ ತರಲು ಹೊರಟರು. ರಿಪೇರಿ ಭಾವ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದರು. ಹೊಲಿಗೆಯವಳಿಗೆ ತಮ್ಮನ ಮನೆಯ ಫ್ಯಾನು ಕಣ್ಣ ಮುಂದೆ ಬಂತು. ಮೂರು ದಿನ ಕೈ ಕಟ್ಟಿದ ಮನುಷ್ಯ, ಒಂಟಿ ಕೋಣೆ, ನಿಂತ ಗಡಿಯಾರ. ಹಾಲಿನ ಪಾತ್ರೆಯ ಪಕ್ಕ ಬೆಕ್ಕನ್ನು ಬಿಟ್ಟುಹೋಗುವ ಹಾಗಾಯಿತು. ಎಚ್ಚರವಾದರೂ ಹೊರಗೆ ಬಂದು ಚಮಚ ಹುಡುಕದಿರಲಿ ಎಂದು ಕೋಣೆಯ ಬಾಗಿಲು ಎಳೆದು, ಬೀಗದ ತೂತಿನಲ್ಲೇ ಇದ್ದ ಹಳೆಯ ಕೀಲಿಯನ್ನು ತಿರುಗಿಸಿದಳು. ಅದು ತಿರುಗದೆ ವರ್ಷಗಳಾಗಿದ್ದವು. ಅವಳು ಬಲ ಹಾಕಿದಳು. ಅವಳು ಮಿಷನ್ ತುಳಿದ ಹೆಂಗಸು, ಬಲಕ್ಕೆ ಕಡಿಮೆಯಿಲ್ಲ. ಬೀಗ ಬಿತ್ತು. ಕೀಲಿಯ ತಲೆ ಕೈಗೆ ಬಂತು, ಬಾಲ ಒಳಗೇ ಉಳಿಯಿತು.

ಅಕ್ಕ ಕೀಲಿಯ ತಲೆ ನೋಡಿದಳು. ಬಾಗಿಲು ನೋಡಿದಳು. ತಂಗಿಯನ್ನು ನೋಡಿದಳು.

"ಅವನು ಮುಟ್ಟಲಿಲ್ಲ. ನೀನು ಮುಟ್ಟಿದೆ" ಎಂದಳು.

ಬೀಗದವನನ್ನು ಕರೆಸಿದರು. ಅವನು ಒಂದು ಕಣ್ಣು ಮುಚ್ಚಿ ತೂತಿನಲ್ಲಿ ನೋಡಿ, ಇದು ಹಳೇ ಕಾಲದ್ದು, ಬಾಗಿಲು ಕೊಯ್ಯಬೇಕು ಎಂದ. ಅಕ್ಕ ಅವನನ್ನು ಬಂದ ದಾರಿಯಲ್ಲೇ ಕಳಿಸಿದಳು. ಇಬ್ಬರೂ ಹೊರಗಿನ ಅಂಗಳಕ್ಕೆ ಹೋಗಿ ಕಿಟಕಿಯಲ್ಲಿ ಇಣುಕಿದರು. ಸರಳಿನಾಚೆ, ಗಡಿಯಾರದ ನೇರ ಕೆಳಗೆ, ರಿಪೇರಿ ಭಾವ ಎಚ್ಚರವಾಗಿ ಕೂತಿದ್ದರು. ಎರಡೂ ಕೈ ಕಂಕುಳಲ್ಲಿ.

"ಅತ್ತಿಗೆ, ಬೀಗದ ಪೆಟ್ಟಿಗೆ ಒಳಮೈಗೇ ಇದೆ. ನಾಲ್ಕು ಸ್ಕ್ರೂ ಅಷ್ಟೆ. ಮುಟ್ಟಲಾ?"

ಅಕ್ಕ ಬಾಯಿ ಬಿಡಲಿಲ್ಲ. ಹತ್ತೊಂಬತ್ತು ವರ್ಷ ಹಿಡಿದ ಹಟ, ಒಂದು ಬೀಗಕ್ಕೆ ಬಿಟ್ಟುಕೊಡುವುದೆಂದರೇನು? ಹೊಲಿಗೆಯವಳು ಅತ್ತೂ ಕರೆದೂ ಮಾಡಿದಳು. ಅಕ್ಕ ಯೋಚನೆ ಮಾಡುತ್ತೇನೆ ಎಂದು ಅಡುಗೆಮನೆಗೆ ಹೋದಳು. ಯೋಚನೆ ಮಾಡಿ ಅಡುಗೆ ಮಾಡಿದಳು. ಮಧ್ಯಾಹ್ನವಾಯಿತು. ಊಟದ ತಟ್ಟೆ ಸರಳಿನ ನಡುವೆ ತೂರಲಿಲ್ಲ. ಓರೆ ಮಾಡಿದರೆ ಚೆಲ್ಲುತ್ತದೆ. ಹೊಲಿಗೆಯವಳ ಕೈ ಗಿಡ್ಡ. ಕಿಟಕಿ ಎತ್ತರ.

ಕೊನೆಗೆ ಅಕ್ಕನೇ ತುತ್ತು ಮಾಡಿ, ಸರಳಿನೊಳಗೆ ಕೈ ತೂರಿಸಿ, ಹತ್ತೊಂಬತ್ತು ವರ್ಷ ಮುಖ ನೋಡದ ಮನುಷ್ಯನ ಅಂಗೈಗೆ ಇಟ್ಟಳು. ಒಂದು, ಎರಡು, ಮೂರು. ಏಳನೆಯ ತುತ್ತಿಗೆ ಅವರು ಸಾಕು ಅತ್ತಿಗೆ ಎಂದರು. ಇನ್ನೊಂದು ಎಂದಳು ಅಕ್ಕ. ಹಾಗೆಂದವಳು ಮುಖ ಆ ಕಡೆ ತಿರುಗಿಸಿಕೊಂಡು, ಅಂಗಳದ ಗಿಡಕ್ಕೆ ಹೇಳುವ ಹಾಗೆ ಹೇಳಿದಳು.

"ಮುಟ್ಟಿ. ಬಾಗಿಲು ಮಾತ್ರ."

ರಿಪೇರಿ ಭಾವ ಟವೆಲಿನಲ್ಲಿ ಕೈ ಒರೆಸಿಕೊಂಡರು. ನೇರವಾಗಿ ಹೆಂಡತಿಯ ಚೀಲದ ಹತ್ತಿರ ಹೋದರು. ತಳಕ್ಕೆ ಕೈ ಹಾಕಿದರು. ಬಟ್ಟೆಯ ಸುರುಳಿ ತೆಗೆದು, ಬಿಚ್ಚಿ, ಪುಟ್ಟ ಸ್ಕ್ರೂಡ್ರೈವರು ಎತ್ತಿಕೊಂಡರು. ಹುಡುಕಲಿಲ್ಲ, ತಡವಲಿಲ್ಲ. ಇಟ್ಟವರೇ ತೆಗೆದ ಹಾಗೆ ತೆಗೆದರು. ಕಿಟಕಿಯಲ್ಲಿ ನಿಂತ ಹೊಲಿಗೆಯವಳ ಬಾಯಿ ತೆರೆದದ್ದು ತೆರೆದೇ ಇತ್ತು. ಮೂವತ್ತೆರಡು ದಿನದಿಂದ ಗೊತ್ತಿದ್ದೂ ಈ ಮನುಷ್ಯ ಚಮಚ, ನಾಣ್ಯ, ಉಗುರಿನಲ್ಲಿ ಕೆಲಸ ಮಾಡಿದ್ದಾರೆ!

ನಾಲ್ಕು ನಿಮಿಷಕ್ಕೆ ಬಾಗಿಲು ತೆರೆಯಿತು. ಇನ್ನು ಹತ್ತು ನಿಮಿಷಕ್ಕೆ ಮುರಿದ ಬಾಲ ಹೊರಗೆ ಬಂತು, ಬೀಗ ಮೊದಲಿನ ಜಾಗಕ್ಕೆ ಹೋಯಿತು. ಕೆಲಸ ಮುಗಿದದ್ದೇ ಸ್ಕ್ರೂಡ್ರೈವರನ್ನು ಸುರುಳಿಯಲ್ಲಿಟ್ಟು ಸುತ್ತಿ, ಕೈ ಕಂಕುಳಲ್ಲಿ ಸಿಕ್ಕಿಸಿ ನಿಂತರು.

ಅಕ್ಕನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಗಡಿಯಾರದ ಕಡೆ ಗದ್ದ ಎತ್ತಿ, ಹಾಗೇ ಅದನ್ನೂ ನೋಡಿಬಿಡಿ ಎಂದಳು. ಸೂರ್ಯ ಪಶ್ಚಿಮಕ್ಕೆ ಹುಟ್ಟಿದ.

"ಬೇಡ ಅತ್ತಿಗೆ" ಎಂದರು ರಿಪೇರಿ ಭಾವ.

ಹೊಲಿಗೆಯವಳು ತನ್ನ ಕಿವಿಯನ್ನೇ ನಂಬಲಿಲ್ಲ. ಈ ಮನುಷ್ಯ ರಿಪೇರಿ ಬೇಡ ಎಂದದ್ದನ್ನು ಅವಳು ಜೀವಮಾನದಲ್ಲಿ ಕೇಳಿರಲಿಲ್ಲ. ಅಕ್ಕ ಯಾಕೆ ಎಂದಳು. ಅವರು ನೆಲ ನೋಡುತ್ತ, ಅದು ನನ್ನಿಂದ ಕೆಟ್ಟದ್ದು, ಹಾಗೇ ಇರಲಿ ಬಿಡಿ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಮಾತು ಕುಂಟುವ ಕುರ್ಚಿಯ ಹಾಗೆ ಬಂತು.

ಅಕ್ಕ ಇಷ್ಟು ಇಳಿದು ಬಂದಾಗ ಇವರಿಗೇನು ಬಿಗುಮಾನ ಎಂದು ಹೊಲಿಗೆಯವಳಿಗೆ ರೇಗಿತು. ತಾನೇ ಕುರ್ಚಿ ಎಳೆದು ಹತ್ತಿದಳು. "ಇಳಿಸಬೇಡ್ವೇ, ಭಾರ ಇದೆ" ಎಂದು ಅವರು ಎರಡು ಹೆಜ್ಜೆ ಬಂದರು. ಅಷ್ಟರಲ್ಲಿ ಇಳಿಸಿ ಮಂಚದ ಮೇಲೆ ಮಲಗಿಸಿದ್ದಳು. ಗಾಜಿನ ಬಾಗಿಲು ತೆಗೆದಳು. ಲೋಲಕದ ಹಿಂದಿನ ಹಲಗೆಯಲ್ಲಿ, ಹುಬ್ಬಿನ ಆಕಾರಕ್ಕೆ, ಮರ ಸವೆದು ಬೆಳ್ಳಗಾಗಿತ್ತು. ಲೋಲಕ ಅಲ್ಲಿ ತಿಕ್ಕಿ ತಿಕ್ಕಿ ನಿಂತ ಗುರುತು. ಗಡಿಯಾರವನ್ನು ಮಗುಚಿದಳು. ಬೆನ್ನ ಕೆಳಗಡೆ, ಬಣ್ಣ ಮಾಸಿದರೂ ಒಂದು ಹೊಲಿಗೆಯೂ ಬಿಡದೆ, ಹಸಿರು ದಿಂಬು ಕೂತಿತ್ತು. ಗಟ್ಟಿ ಕೆಲಸ.

ಹೊಲಿಗೆಯವಳಿಗೆ ಗಡಿಯಾರ ಗೊತ್ತಿಲ್ಲ. ಆದರೆ ಒಳಗೆ ಒಂದು ಮಡಿಕೆ ಬಟ್ಟೆ ಹೆಚ್ಚಾದರೆ ಹೊರಗಿನ ಅಳತೆ ಹೇಗೆ ಕೆಡುತ್ತದೆ ಎಂಬುದು ಗೊತ್ತು. ದಿಂಬು ಪೆಟ್ಟಿಗೆಯ ಬುಡವನ್ನು ಗೋಡೆಯಿಂದ ಮುಂದಕ್ಕೆ ತಳ್ಳಿತ್ತು. ಹಲಗೆ ಹೋಗಿ ಲೋಲಕಕ್ಕೆ ತಾಗಿತ್ತು. ಅಂಗಡಿಯ ಮೇಜಿನ ಮೇಲೆ ಗೋಡೆಯೇ ಇಲ್ಲ, ಓಡಿತು. ಅಷ್ಟೇ.

ಹೊಲಿಗೆಯವಳು ತಲೆ ಎತ್ತಿದಳು. ಗಂಡನ ಕಡೆ ನೋಡಿದಳು. ಅವರು ಬೇಡ ಎಂಬಂತೆ ಸಣ್ಣಗೆ ತಲೆ ಆಡಿಸಿದರು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಒರೆಸಿದ ಹಾಗೆ ಮಾಡಿ ದಿಂಬು ಕಿತ್ತು ಮಡಿಲಲ್ಲಿ ಹಾಕಿಕೊಂಡರೆ ಅಕ್ಕನಿಗೆ ಏನು ಗೊತ್ತಾಗುತ್ತಿತ್ತು? ಷರತ್ತು, ಹೊಸಲು, ತವರು ಎಲ್ಲ ಉಳಿಯುತ್ತಿತ್ತು. ಹೊಲಿಗೆಯವಳು ಕತ್ತರಿ ತಂದಳು. ದಿಂಬನ್ನು ಅಕ್ಕನ ಕಣ್ಣೆದುರಿಗೇ ಕೆತ್ತಿ ತೆಗೆದಳು. ಗಡಿಯಾರವನ್ನು ಗೋಡೆಗೆ ಹಾಕಿ ಲೋಲಕವನ್ನು ಬೆರಳಿನಿಂದ ತಳ್ಳಿದಳು. ಅಕ್ಕ ಗಡಿಯಾರಕ್ಕೆ ಕೀಲಿ ಕೊಟ್ಟಳು. ನಾಲ್ಕು ಸಲ ಆಡಿತು. ಐದನೆಯದೂ ಆಡಿತು. ಐವತ್ತನೆಯದೂ ಆಡಿತು.

"ಇವರು ಏನೂ ಮಾಡಿಲ್ಲ ಅಕ್ಕ. ದಿಂಬು ನಂದು. ಅದರಿಂದಲೇ ನಿಂತದ್ದು."

ಅಕ್ಕ ದಿಂಬನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ಹೊಸಲು ಹೋಯಿತು ಎಂದುಕೊಂಡಳು ಹೊಲಿಗೆಯವಳು. ಅಕ್ಕನ ಹೊಟ್ಟೆ ಕುಲುಕಿತು. ಆಮೇಲೆ ಭುಜ ಕುಲುಕಿತು. ಆಮೇಲೆ ಮಂಚದ ಮೇಲೆ ಕೂತೇಬಿಟ್ಟಳು.

"ತಲೆದಿಂಬು ಕೊಟ್ಟು ಮಲಗಿಸಿದ್ದೀಯಲ್ಲೇ! ನಿದ್ದೆ ಮಾಡದೆ ಇನ್ನೇನು ಮಾಡುತ್ತೆ ಅದು?"

ನಕ್ಕು ನಕ್ಕು ಕಣ್ಣು ಒರೆಸಿಕೊಂಡವಳು, ಒರೆಸುತ್ತಲೇ ಇದ್ದಳು. ಕೊನೆಗೆ ಎದ್ದು ರಿಪೇರಿ ಭಾವನ ಎದುರು ನಿಂತು, ಮನೆಯಲ್ಲಿ ಕುರ್ಚಿ ಇದೆ, ಬಲ್ಬು ಇದೆ, ಬಚ್ಚಲ ಚಿಲಕ ಇದೆ, ಎಂದಷ್ಟೇ ಹೇಳಿದಳು. ಅದೇ ಕ್ಷಮೆ. ಅವರ ಎರಡೂ ಕೈ ಕಂಕುಳಿಂದ ಹಕ್ಕಿಯ ಹಾಗೆ ಹೊರಗೆ ಬಂದವು.

ವಾಪಸು ಬರುವ ಬಸ್ಸಿನಲ್ಲಿ ಹೊಲಿಗೆಯವಳು ಬಟ್ಟೆಯ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು.

"ಯಾವಾಗಿನಿಂದ ಗೊತ್ತಿತ್ತು?"

"ನಿಮ್ಮಕ್ಕ ನಿಂತಿದೆ ಅಂತ ಫೋನ್ ಮಾಡಿದ್ರಲ್ಲ, ಅವತ್ತು ನಿನ್ನ ಮಿಷನ್ ಕೆಳಗೆ ಹಸಿರು ತುಂಡು ಬಿದ್ದಿತ್ತು."

"ಹತ್ತೊಂಬತ್ತು ವರ್ಷ ಬಾಯಿ ಬಿಡಲಿಲ್ಲವಲ್ರೀ."

"ಬಿಟ್ಟಿದ್ರೆ ನಿಮ್ಮಕ್ಕ ಯಾರ ಮೇಲೆ ಹಾರಾಡ್ತಿದ್ರು? ನನಗೆ ಅವರ ಮನೆ ಇಲ್ಲದಿದ್ರೂ ನಡೀತಿತ್ತು. ನಿನಗೆ ನಡೀತಿರಲಿಲ್ಲ" ಎಂದರು. ಹೇಳಿ, ಮುಂದಿನ ಸೀಟಿನ ಸಡಿಲ ಸ್ಕ್ರೂವನ್ನು ಉಗುರಿನಲ್ಲಿ ತಿರುಗಿಸತೊಡಗಿದರು. ಅವಳು ಸುರುಳಿ ಬಿಚ್ಚಿ ಸ್ಕ್ರೂಡ್ರೈವರು ಕೊಟ್ಟಳು.

ಮರುವರ್ಷ ರಿಪೇರಿ ಭಾವ ತೀರಿಹೋದರು. ಅಂಗಡಿಯಲ್ಲೇ, ಬೆಳಿಗ್ಗೆ ಹನ್ನೊಂದಕ್ಕೆ, ಯಾರದೋ ಟೇಬಲ್ ಫ್ಯಾನು ಮುಂದಿಟ್ಟುಕೊಂಡು. ಮೊಣಕೈ ಕೆಳಗೆ ಆ ಹಸಿರು ದಿಂಬು ಇತ್ತು. ಅಕ್ಕ ಅದನ್ನು ಎಸೆದಿದ್ದಾಳೆ ಎಂದುಕೊಂಡಿದ್ದಳು ಹೊಲಿಗೆಯವಳು. ಅವರು ಎತ್ತಿಟ್ಟುಕೊಂಡಿದ್ದರು. ಒಳ್ಳೆಯ ಮನುಷ್ಯ.

ಒಂದು ತಿಂಗಳು ಕಳೆದ ಮೇಲೆ ಅಕ್ಕ ಬಂದಳು. ತೋಳಿನಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಗಡಿಯಾರ. "ಇದು ಇಲ್ಲಿರಲಿ. ಮನೆ ಎಷ್ಟು ಸುಮ್ಮನಾಗಿಬಿಡುತ್ತೆ ಅಂತ ನನಗೆ ಗೊತ್ತು" ಎಂದಳು. ಹೊಲಿಗೆಯವಳು ಗಂಡನ ಸುತ್ತಿಗೆ ತಂದಳು. ಮಿಷನ್ನಿನ ಮೇಲಿನ ಗೋಡೆ ಕತ್ತಲು ಮೂಲೆ. ಅಕ್ಕನ ಕೈಗೆ ಟಾರ್ಚ್ ಕೊಟ್ಟು ಸ್ಟೂಲು ಹತ್ತಿದಳು. ಮೊಳೆ ಹೊಡೆದಳು, ಗಡಿಯಾರ ಎತ್ತಿ ಕೊಂಡಿ ಹುಡುಕತೊಡಗಿದಳು. ಬೆಳಕು ನೇರ ಅವಳ ಕಣ್ಣಿಗೆ ಬಿತ್ತು.

"ಬೆಳಕು ಕೈಗೆ ಹಿಡಿ, ಕಣ್ಣಿಗಲ್ಲ. ಎಷ್ಟು ಸಲ ಹೇಳೋದು?"

"ಎಷ್ಟು ಸಲ ಏನು? ಇದೇ ಮೊದಲನೇ ಸಲ ಹೇಳ್ತಿರೋದು" ಎಂದಳು ಅಕ್ಕ ಕೆಳಗಿನಿಂದ.

ಹೊಲಿಗೆಯವಳು ಗಡಿಯಾರ ಹಿಡಿದುಕೊಂಡೇ ಭುಜಕ್ಕೆ ಕಣ್ಣು ಒರೆಸಿಕೊಂಡಳು. ಆಮೇಲೆ ಕೊಂಡಿ ಸಿಕ್ಕಿತು. ಲೋಲಕ ತಳ್ಳಿದಳು, ಓಡಿತು. ಕೂರಿಸುವಾಗ ಪೆಟ್ಟಿಗೆಯ ಮೂಲೆ ತಾಗಿ ಗೋಡೆಗೆ ಗೇಣುದ್ದ ಗೀರು ಬಿದ್ದಿತ್ತು. ಅಕ್ಕ ಅಯ್ಯೋ ಗೋಡೆ ಎಂದಳು.

"ಬೀಳಲಿ ಬಿಡು" ಎಂದಳು ಹೊಲಿಗೆಯವಳು.